ಚಿತ್ರಗಳ ಕ್ಯಾರೌಸೆಲ್‌ಗೆ ಚುಕ್ಕೆ ಜೋಡಿಸುವುದು: ಮೊದಲ ಟ್ಯಾಗ್‌ನಿಂದ ಕೊನೆಯ ಪರೀಕ್ಷೆವರೆಗೆ

ವೆಬ್ ಪುಟದಲ್ಲಿ ಒಂದೊಂದಾಗಿ ಸರಿಯುವ ಚಿತ್ರಗಳ ಸಾಲೇ ಕ್ಯಾರೌಸೆಲ್, ಈಗ ಎಷ್ಟನೇ ಚಿತ್ರ ಎಂದು ಅದರ ಕೆಳಗೆ ತೋರಿಸುವವು ಚುಕ್ಕೆಗಳು. ಈ ಚುಕ್ಕೆಗಳು ಹದಗೆಡುವ ರೀತಿ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಪರದೆಯ ಮೇಲಿರುವುದು ಮೂರನೇ ಚಿತ್ರ, ಕೆಳಗೆ ಬಣ್ಣ ತುಂಬಿರುವುದು ಎರಡನೇ ಚುಕ್ಕೆ. ಚುಕ್ಕೆ ಒತ್ತಿ ಹೋದರೆ ಎಲ್ಲ ಸರಿ, ಬೆರಳಿನಿಂದ ಸರಿಸಿದ ಕೂಡಲೇ ಲೆಕ್ಕ ತಪ್ಪುತ್ತದೆ. ‘ಈಗ ಎಷ್ಟನೇ ಚಿತ್ರ’ ಎಂಬುದನ್ನು ಕೋಡ್ ಎರಡು ಕಡೆ ನೆನಪಿಟ್ಟುಕೊಂಡಿರುವುದೇ ಇದಕ್ಕೆ ಕಾರಣ: ಜಾವಾಸ್ಕ್ರಿಪ್ಟ್‌ನ ವೇರಿಯಬಲ್‌ನಲ್ಲಿ ಒಮ್ಮೆ, ಚಿತ್ರಗಳ ಸಾಲು ನಿಜಕ್ಕೂ ಸರಿದು ನಿಂತಿರುವ ಜಾಗದಲ್ಲಿ ಇನ್ನೊಮ್ಮೆ. ಇಲ್ಲಿ ಹೇಳುವ ವಿಧಾನದಲ್ಲಿ ಆ ವೇರಿಯಬಲ್ ಇರುವುದೇ ಇಲ್ಲ. ಸಾಲು ಎಲ್ಲಿ ನಿಂತಿದೆ ಎಂದು ನೋಡಿ ಚುಕ್ಕೆ ಬಣ್ಣ ಬದಲಿಸುತ್ತದೆ, ಅಷ್ಟೇ ಅದರ ಕೆಲಸ.

ಉದಾಹರಣೆಗೆ ಹಂಪಿಯ ಐದು ಫೋಟೋ ಇಟ್ಟುಕೊಳ್ಳೋಣ: ವಿರೂಪಾಕ್ಷ ದೇವಸ್ಥಾನ, ಕಲ್ಲಿನ ರಥ, ಕಮಲ ಮಹಲ್, ಆನೆ ಲಾಯ, ಸಾಸಿವೆಕಾಳು ಗಣಪ. ಮೊದಲು ಯಾವ ಲೈಬ್ರರಿಯೂ ಇಲ್ಲದೆ ಕಟ್ಟಿ, ಆಮೇಲೆ ಸ್ವೈಪರ್, ಬೂಟ್‌ಸ್ಟ್ರಾಪ್‌ನಂಥ ಸಿದ್ಧ ಕೋಡ್ ಲೈಬ್ರರಿಗಳಲ್ಲಿ ಏನು ಬದಲಾಗುತ್ತದೆ ಎಂದು ನೋಡಬಹುದು. ಕೋಡ್‌ನ ಪದಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದೆ, ನಡುವೆ ಅಡ್ಡಗೆರೆ ಇದ್ದಲ್ಲಿ ಅದನ್ನೂ ಉಳಿಸಿಕೊಂಡಿದೆ. ಎಡಿಟರ್‌ನಲ್ಲಿ ಎಂದಿನಂತೆ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಮೊದಲು ಎಣಿಸಿ

ಎಷ್ಟು ಚಿತ್ರಗಳವರೆಗೆ ಚುಕ್ಕೆ ಸಾಕು ಎಂಬುದನ್ನು ಫೋನಿನ ಅಗಲವೇ ಹೇಳುತ್ತದೆ. ಸಾಮಾನ್ಯ ಆಂಡ್ರಾಯ್ಡ್ ಫೋನಿನಲ್ಲಿ ಪುಟದ ಅಗಲ ಸುಮಾರು 360 ಸಿಎಸ್‌ಎಸ್ ಪಿಕ್ಸೆಲ್. ಎಡಬಲಕ್ಕೆ 16ರಂತೆ ಬಿಟ್ಟರೆ ಉಳಿಯುವುದು 328. ಬೆರಳಿಗೆ ಆರಾಮಾಗಿ ಸಿಗಲು ಒಂದು ಬಟನ್‌ಗೆ 44 ಪಿಕ್ಸೆಲ್ ಬೇಕೆಂದುಕೊಂಡರೆ ಒಂದು ಸಾಲಿಗೆ ಏಳು ಚುಕ್ಕೆ ಹಿಡಿಸುತ್ತವೆ, 308 ಪಿಕ್ಸೆಲ್. ವೆಬ್ ಪುಟಗಳು ಎಲ್ಲರಿಗೂ ಬಳಸಲು ಬರಬೇಕೆಂಬ ಮಾರ್ಗಸೂಚಿಯಾದ ಡಬ್ಲ್ಯೂಸಿಎಜಿ 2.2 ಡಬಲ್-ಎ ಮಟ್ಟಕ್ಕೆ ಕೇಳುವ ಕನಿಷ್ಠ ಅಳತೆಯಾದ 24 ಪಿಕ್ಸೆಲ್‌ಗೆ ಇಳಿದರೆ ಹದಿಮೂರು. ಅದಕ್ಕಿಂತ ಹೆಚ್ಚಾದರೆ ಒಂದೋ ಚುಕ್ಕೆಗಳು ಎರಡನೇ ಸಾಲಿಗೆ ಇಳಿಯುತ್ತವೆ, ಇಲ್ಲವೇ ಒಂದರ ಮೇಲೊಂದು ಒತ್ತಿಕೊಳ್ಳುತ್ತವೆ.

ಹದಿಮೂರು ಹಿಡಿಸುತ್ತವೆ ಎಂದ ಮಾತ್ರಕ್ಕೆ ಹದಿಮೂರು ಹಾಕಬೇಕೆಂದಿಲ್ಲ. ಏಳು ದಾಟಿದರೆ ಯಾವ ಚುಕ್ಕೆ ತುಂಬಿದೆ ಎಂದು ಯಾರೂ ಎಣಿಸಿ ನೋಡುವುದಿಲ್ಲ. ಆಗ ‘9 / 18’ ಎಂಬ ಅಂಕಿಯೋ ಪುಟ್ಟ ಥಂಬ್‌ನೇಲ್ ಸಾಲೋ ಮೇಲು. ಮದುವೆ ಆಲ್ಬಮ್‌ನ ನಲವತ್ತು ಫೋಟೋಗಳಿಗೆ ನಲವತ್ತು ಚುಕ್ಕೆ ಬೇಕು ಎಂದು ಕೇಳುವವರಿಗೆ ಇದನ್ನೇ ಹೇಳಿ.

ಎಚ್‌ಟಿಎಂಎಲ್

ಹೊರಗೆ ಒಂದು ಸೆಕ್ಷನ್ ಟ್ಯಾಗ್. ಅದರೊಳಗೆ ಚಿತ್ರಗಳಿಗಾಗಿ ಒಂದು ಯುಎಲ್, ಪ್ರತಿ ಚಿತ್ರಕ್ಕೂ ಒಂದು ಎಲ್‌ಐ, ಎಲ್‌ಐ ಒಳಗೆ ಐಎಂಜಿ. ಈ ಯುಎಲ್ ಅನ್ನು ಇನ್ನು ಮುಂದೆ ಟ್ರ್ಯಾಕ್ ಎನ್ನೋಣ, ಎಲ್‌ಐ ಅನ್ನು ಸ್ಲೈಡ್ ಎನ್ನೋಣ. ಟ್ರ್ಯಾಕ್‌ನ ಪಕ್ಕಕ್ಕೆ, ಅದರ ಒಳಗಲ್ಲ, ಚುಕ್ಕೆಗಳಿಗಾಗಿ ಒಂದು ಖಾಲಿ ಡಿವ್. ಟ್ರ್ಯಾಕ್‌ನ ಒಳಗಿಟ್ಟರೆ ಚಿತ್ರಗಳ ಜೊತೆ ಚುಕ್ಕೆಗಳೂ ಸರಿದುಹೋಗುತ್ತವೆ.

ಆ ಡಿವ್ ಅನ್ನು ಬೇಕೆಂದೇ ಖಾಲಿ ಬಿಡುವುದು. ಚುಕ್ಕೆಗಳನ್ನು ಜಾವಾಸ್ಕ್ರಿಪ್ಟ್ ಹುಟ್ಟಿಸಲಿ. ಸ್ಕ್ರಿಪ್ಟ್ ಬರದೇ ಹೋದರೆ ಒತ್ತಿದರೂ ಏನೂ ಆಗದ ಚುಕ್ಕೆಗಳು ಪುಟದಲ್ಲಿ ಉಳಿಯುವುದಿಲ್ಲ, ಚಿತ್ರಗಳನ್ನು ಬೆರಳಿನಿಂದ ಸರಿಸಲು ಹೇಗೂ ಆಗುತ್ತದೆ. ಚಿತ್ರ ಒಂದು ಹೆಚ್ಚಾದರೆ ಅಥವಾ ಕಡಿಮೆಯಾದರೆ ಚುಕ್ಕೆಗಳನ್ನು ಬೇರೆಯಾಗಿ ತಿದ್ದುವ ಕೆಲಸವೂ ಇಲ್ಲ.

ಪ್ರತಿ ಐಎಂಜಿಗೂ ವಿಡ್ತ್, ಹೈಟ್ ಬರೆಯಿರಿ. ಬರೆಯದಿದ್ದರೆ ಚಿತ್ರ ಇಳಿಯುವ ಮುಂಚೆ ಸ್ಲೈಡ್‌ನ ಎತ್ತರ ಸೊನ್ನೆ, ಇಳಿದ ಮೇಲೆ ಚುಕ್ಕೆಗಳೂ ಅವುಗಳ ಕೆಳಗಿನ ಪಠ್ಯವೂ ಧಡಕ್ಕನೆ ಕೆಳಗೆ ಜಾರುತ್ತವೆ. ಲೋಡಿಂಗ್‌ಗೆ ಲೇಜಿ ಎಂಬ ಬೆಲೆಯನ್ನು ಎರಡನೇ ಚಿತ್ರದಿಂದ ಕೊಡಿ. ಪುಟದ ತಲೆಯಲ್ಲೇ ಇರುವ ಮೊದಲ ಚಿತ್ರಕ್ಕೆ ಕೊಟ್ಟರೆ ಅದು ತಡವಾಗಿ ಬರುತ್ತದೆ.

ಸಾಲು ಸರಿಯುವಂತೆ ಮಾಡುವುದು

ಸರಿಯುವ ಕೆಲಸವನ್ನು ಬ್ರೌಸರ್‌ಗೇ ಬಿಡಿ. ಟ್ರ್ಯಾಕ್‌ಗೆ ಡಿಸ್‌ಪ್ಲೇ ಫ್ಲೆಕ್ಸ್, ಓವರ್‌ಫ್ಲೋ-ಎಕ್ಸ್ ಆಟೋ, ಸ್ಕ್ರೋಲ್-ಸ್ನ್ಯಾಪ್-ಟೈಪ್ ಎಕ್ಸ್ ಮ್ಯಾಂಡೇಟರಿ. ಸ್ಲೈಡ್‌ಗೆ ಫ್ಲೆಕ್ಸ್ 0 0 100%, ಸ್ಕ್ರೋಲ್-ಸ್ನ್ಯಾಪ್-ಅಲೈನ್ ಸ್ಟಾರ್ಟ್. ಒಮ್ಮೆ ಜೋರಾಗಿ ಸರಿಸಿದರೆ ಎರಡು ಮೂರು ಚಿತ್ರ ಹಾರಿಹೋಗುವುದು ಬೇಡವಾದರೆ ಸ್ಕ್ರೋಲ್-ಸ್ನ್ಯಾಪ್-ಸ್ಟಾಪ್ ಆಲ್ವೇಸ್. ಚಿತ್ರಕ್ಕೆ ವಿಡ್ತ್ 100%, ಹೈಟ್ ಆಟೋ, ಆಸ್ಪೆಕ್ಟ್-ರೇಶಿಯೋ 3 / 2, ಆಬ್ಜೆಕ್ಟ್-ಫಿಟ್ ಕವರ್. ಉದ್ದ ಫೋಟೋ ಅಗಲ ಫೋಟೋ ಬೆರೆತಿದ್ದರೂ ಸಾಲಿನ ಎತ್ತರ ಏರಿಳಿಯುವುದಿಲ್ಲ.

ಇದರ ಜೊತೆಗೆ ಟ್ರ್ಯಾಕ್‌ಗೆ ಮೂರು ಸಂಗತಿ ಬೇಕೇ ಬೇಕು. ಬಿಟ್ಟರೆ ದೋಷ ಬೇರೆಲ್ಲೋ ಕಾಣಿಸಿಕೊಂಡು ದಿನವಿಡೀ ಹುಡುಕಿಸುತ್ತದೆ.

ಮೊದಲನೆಯದು ಪೊಸಿಶನ್ ರಿಲೇಟಿವ್. ಮುಂದೆ ಸ್ಲೈಡ್‌ನ ಆಫ್‌ಸೆಟ್‌ಲೆಫ್ಟ್ ಅಳೆಯುತ್ತೇವೆ. ಅದು ಅಳೆಯುವುದು ಪೊಸಿಶನ್ ಇರುವ ಹತ್ತಿರದ ತಾಯಿ ಎಲಿಮೆಂಟ್‌ನಿಂದ. ಟ್ರ್ಯಾಕ್‌ಗೆ ಪೊಸಿಶನ್ ಇಲ್ಲದಿದ್ದರೆ ಅಳತೆ ಪುಟದ ಅಂಚಿನಿಂದ ಶುರುವಾಗಿ, ಎಡಗಡೆ ಎಷ್ಟು ಮಾರ್ಜಿನ್ ಇದೆಯೋ ಅಷ್ಟು ಹೆಚ್ಚು ಬರುತ್ತದೆ. ಸ್ನ್ಯಾಪ್ ಸಾಲನ್ನು ಹತ್ತಿರದ ಚಿತ್ರಕ್ಕೆ ಎಳೆದು ನಿಲ್ಲಿಸುವುದರಿಂದ ಸಣ್ಣ ಮಾರ್ಜಿನ್‌ನಲ್ಲಿ ತಪ್ಪು ಮುಚ್ಚಿಹೋಗುತ್ತದೆ. ಪುಟದ ನಡುವೆ ಕಿರಿದಾದ ಕ್ಯಾರೌಸೆಲ್ ಇಟ್ಟಾಗ ಮಾತ್ರ ಎರಡನೇ ಚುಕ್ಕೆ ಒತ್ತಿದರೆ ಮೂರನೇ ಚಿತ್ರ ಬರುತ್ತದೆ.

ಎರಡನೆಯದು ಮಾರ್ಜಿನ್ 0, ಪ್ಯಾಡಿಂಗ್ 0, ಲಿಸ್ಟ್-ಸ್ಟೈಲ್ ನನ್. ಯುಎಲ್‌ಗೆ ಬ್ರೌಸರ್ ತಾನಾಗಿ ಎಡಕ್ಕೆ 40 ಪಿಕ್ಸೆಲ್ ಪ್ಯಾಡಿಂಗ್ ಕೊಟ್ಟಿರುತ್ತದೆ, ಚಿತ್ರ ಅಷ್ಟು ಪಕ್ಕಕ್ಕೆ ಸರಿದಂತೆ ಕಾಣುತ್ತದೆ. ಲಿಸ್ಟ್-ಸ್ಟೈಲ್ ತೆಗೆದರೆ ಸಫಾರಿ ಜೊತೆಗಿನ ವಾಯ್ಸ್‌ಓವರ್ (ಪರದೆಯಲ್ಲಿರುವುದನ್ನು ಓದಿ ಹೇಳುವ ಆ್ಯಪಲ್‌ನ ಸ್ಕ್ರೀನ್ ರೀಡರ್) ಅದನ್ನು ಪಟ್ಟಿ ಎಂದು ಹೇಳುವುದನ್ನು ಬಿಡುತ್ತದೆ, ಹಾಗಾಗಿ ಯುಎಲ್‌ಗೆ ರೋಲ್ ಲಿಸ್ಟ್ ಎಂದು ಸೇರಿಸಿ.

ಮೂರನೆಯದು ಓವರ್‌ಸ್ಕ್ರೋಲ್-ಬಿಹೇವಿಯರ್-ಎಕ್ಸ್ ಕಂಟೇನ್. ಇದಿಲ್ಲದಿದ್ದರೆ ಮೊದಲ ಚಿತ್ರದಲ್ಲಿದ್ದಾಗ ಲ್ಯಾಪ್‌ಟಾಪ್‌ನ ಟಚ್‌ಪ್ಯಾಡ್ ಮೇಲೆ ಹಿಂದಕ್ಕೆ ಸರಿಸಿದವರು ಹಿಂದಿನ ಪುಟಕ್ಕೇ ಹೋಗಿಬಿಡಬಹುದು.

ಸ್ಕ್ರೋಲ್‌ಬಾರ್ ಮರೆಮಾಡಲು ಸ್ಕ್ರೋಲ್‌ಬಾರ್-ವಿಡ್ತ್ ನನ್. ಹಳೆಯ ಸಫಾರಿಗಾಗಿ ವೆಬ್‌ಕಿಟ್-ಸ್ಕ್ರೋಲ್‌ಬಾರ್ ಎಂಬ ಸೂಡೋ ಎಲಿಮೆಂಟ್‌ಗೆ (ಎಚ್‌ಟಿಎಂಎಲ್‌ನಲ್ಲಿ ಬರೆಯದೆ ಸಿಎಸ್‌ಎಸ್‌ನಿಂದಲೇ ಹಿಡಿಯುವ ಭಾಗ) ಡಿಸ್‌ಪ್ಲೇ ನನ್. ಇದನ್ನು ನೇರವಾಗಿ ಬರೆಯಬೇಡಿ, ಸ್ಕ್ರಿಪ್ಟ್ ಚುಕ್ಕೆಗಳನ್ನು ಹುಟ್ಟಿಸಿದ ಮೇಲೆ ಸೆಕ್ಷನ್‌ಗೆ ಸೇರಿಸುವ ಒಂದು ಕ್ಲಾಸ್‌ನ ಅಡಿ ಬರೆಯಿರಿ. ಚುಕ್ಕೆಯೂ ಇಲ್ಲ, ಸ್ಕ್ರೋಲ್‌ಬಾರೂ ಇಲ್ಲ ಎಂದಾದರೆ ಇನ್ನೂ ನಾಲ್ಕು ಚಿತ್ರ ಇವೆ ಎಂದು ಮೌಸ್ ಹಿಡಿದವರಿಗೆ ಗೊತ್ತಾಗುವುದಾದರೂ ಹೇಗೆ?

ಚುಕ್ಕೆಯ ರೂಪ

ಕಾಣುವ ಚುಕ್ಕೆ ಬೇರೆ, ಒತ್ತುವ ಚುಕ್ಕೆ ಬೇರೆ. ಬಟನ್ 24 × 24 ಅಥವಾ 44 × 44 ಇರಲಿ: ಬ್ಯಾಕ್‌ಗ್ರೌಂಡ್ ಟ್ರಾನ್ಸ್‌ಪರೆಂಟ್, ಬಾರ್ಡರ್ 0, ಪ್ಯಾಡಿಂಗ್ 0. ಅದರ ನಡುವೆ ಬಿಫೋರ್ ಸೂಡೋ ಎಲಿಮೆಂಟ್‌ನಿಂದ 10 ಪಿಕ್ಸೆಲ್‌ನ ದುಂಡು ಬರೆಯಿರಿ: ಕಂಟೆಂಟ್‌ಗೆ ಖಾಲಿ ಉದ್ಧರಣ ಚಿಹ್ನೆ, ಅಗಲ ಎತ್ತರ 10, ಬಾರ್ಡರ್-ರೇಡಿಯಸ್ 50%. ಬಟನ್‌ಗೆ ಡಿಸ್‌ಪ್ಲೇ ಗ್ರಿಡ್, ಪ್ಲೇಸ್-ಐಟಮ್ಸ್ ಸೆಂಟರ್ ಕೊಟ್ಟರೆ ದುಂಡು ನಟ್ಟನಡುವೆ ಕೂರುತ್ತದೆ. ಕಂಟೆಂಟ್ ಬರೆಯಲು ಮರೆತರೆ ಬಿಫೋರ್ ಹುಟ್ಟುವುದೇ ಇಲ್ಲ. ‘ಚುಕ್ಕೆ ಕಾಣ್ತಿಲ್ಲ’ ಎಂಬ ದೂರು ಬಂದಾಗ ಮೊದಲು ನೋಡಬೇಕಾದದ್ದು ಅದನ್ನೇ.

ಡಿವ್ ಅಥವಾ ಸ್ಪ್ಯಾನ್‌ಗೆ ಕ್ಲಿಕ್ ಅಂಟಿಸಿ ಚುಕ್ಕೆ ಎನ್ನಬೇಡಿ. ಬಟನ್ ಟ್ಯಾಗ್ ಬಳಸಿದರೆ ಟ್ಯಾಬ್, ಎಂಟರ್, ಸ್ಪೇಸ್ ಕೀಲಿಗಳು ಪುಕ್ಕಟೆ ಸಿಗುತ್ತವೆ. ಟೈಪ್‌ಗೆ ಬಟನ್ ಎಂದೇ ಬರೆಯಿರಿ. ಬರೆಯದ ಬಟನ್ ಯಾವುದಾದರೂ ಫಾರ್ಮ್ ಒಳಗೆ ಸೇರಿಕೊಂಡರೆ ಸಬ್‌ಮಿಟ್ ಬಟನ್ ಆಗುತ್ತದೆ, ಚುಕ್ಕೆ ಒತ್ತಿದವರ ಫಾರ್ಮ್ ಅರ್ಧಕ್ಕೇ ಹೊರಟುಬಿಡುತ್ತದೆ.

ಬಣ್ಣದಲ್ಲಿ ಎಡವುವವರು ಜಾಸ್ತಿ. ತುಂಬದ ಚುಕ್ಕೆ ತಿಳಿಬೂದು ಇದ್ದರೆ ಅಂದ ಎಂದು ಡಿಸೈನರ್‌ಗೆ ಅನ್ನಿಸುತ್ತದೆ, ಬಿಸಿಲಿನಲ್ಲಿ ಫೋನ್ ಹಿಡಿದವರಿಗೆ ಅದು ಕಾಣುವುದೇ ಇಲ್ಲ. ಇಂಥ ಗುರುತುಗಳಿಗೆ ಹಿನ್ನೆಲೆಯೊಂದಿಗೆ ಕನಿಷ್ಠ 3:1 ಕಾಂಟ್ರಾಸ್ಟ್ ಬೇಕು. ಬಿಳಿ ಹಿನ್ನೆಲೆಯ ಮೇಲೆ #949494 ಆ ಗೆರೆಯನ್ನು ಕೂದಲೆಳೆಯಲ್ಲಿ ದಾಟುತ್ತದೆ. #767676 ಆದರೆ 4.5:1, ನೆಮ್ಮದಿ. ತುಂಬಿದ ಚುಕ್ಕೆಗೆ ನಿಮ್ಮ ಸೈಟಿನ ಗಾಢ ಬಣ್ಣ ಇರಲಿ. ಬರೀ ಬಣ್ಣವನ್ನೇ ನೆಚ್ಚಿಕೊಳ್ಳಬೇಡಿ: ತುಂಬದ್ದಕ್ಕೆ 2 ಪಿಕ್ಸೆಲ್‌ನ ಉಂಗುರ, ತುಂಬಿದ್ದಕ್ಕೆ ಭರ್ತಿ ದುಂಡು ಮತ್ತು 1.3ರ ಸ್ಕೇಲ್. ಕೆಂಪು ಹಸಿರು ಬೇರೆಯಾಗಿ ಕಾಣದವರಿಗೂ ವ್ಯತ್ಯಾಸ ಸಿಗುತ್ತದೆ.

ಉಂಗುರದಿಂದ ಇನ್ನೊಂದು ಲಾಭವಿದೆ. ವಿಂಡೋಸ್‌ನ ಹೈ ಕಾಂಟ್ರಾಸ್ಟ್ ಮೋಡ್ ನಾವು ಕೊಟ್ಟ ಹಿನ್ನೆಲೆ ಬಣ್ಣಗಳನ್ನು ಕಿತ್ತುಹಾಕಿದರೂ ಬಾರ್ಡರ್‌ಗಳನ್ನು ಉಳಿಸುತ್ತದೆ. ಬರೀ ಹಿನ್ನೆಲೆ ಬಣ್ಣದಿಂದ ಮಾಡಿದ ಚುಕ್ಕೆಗಳು ಅಲ್ಲಿ ಮಾಯ. ಫೋರ್ಸ್ಡ್-ಕಲರ್ಸ್ ಆಕ್ಟಿವ್ ಎಂಬ ಮೀಡಿಯಾ ಕ್ವೆರಿಯೊಳಗೆ ತುಂಬಿದ ಚುಕ್ಕೆಗೆ ಹೈಲೈಟ್ ಎಂಬ ಸಿಸ್ಟಮ್ ಬಣ್ಣ ಕೊಟ್ಟರೆ ಅದೂ ಉಳಿಯುತ್ತದೆ.

ತುಂಬಿದ ಚುಕ್ಕೆಯನ್ನು ಉದ್ದನೆಯ ಮಾತ್ರೆಯಂತೆ ಹಿಗ್ಗಿಸುವುದು ಈಚಿನ ಫ್ಯಾಷನ್. ಬಟನ್‌ನ ಅಗಲವನ್ನೇ ಹಿಗ್ಗಿಸಿದರೆ ಪಕ್ಕದ ಚುಕ್ಕೆಗಳು ಪ್ರತಿ ಸಲವೂ ಜಾಗ ಬದಲಿಸುತ್ತವೆ, ಬೆರಳು ಇಳಿಯುವ ಹೊತ್ತಿಗೆ ಅಲ್ಲಿ ಬೇರೆ ಚುಕ್ಕೆ ಇರುತ್ತದೆ. ಮಾತ್ರೆ ಬೇಕೇ ಬೇಕೆಂದರೆ ಎಲ್ಲ ಬಟನ್‌ಗಳಿಗೂ ಮೊದಲೇ 32 ಪಿಕ್ಸೆಲ್ ಅಗಲ ಕೊಟ್ಟು, ಒಳಗಿನ ಬಿಫೋರ್ ಮಾತ್ರ ಹಿಗ್ಗಲಿ.

ಚುಕ್ಕೆಗಳನ್ನು ಚಿತ್ರದ ಮೇಲೆ ಕೂರಿಸಬೇಕೋ ಕೆಳಗೋ? ಕೆಳಗೆ. ಸಾಸಿವೆಕಾಳು ಗಣಪನ ಹಿಂದಿನ ಬಿಳಿ ಆಕಾಶದ ಮೇಲೆ ಬಿಳಿ ಚುಕ್ಕೆ ಕಾಣುವುದಿಲ್ಲ, ಆನೆ ಲಾಯದ ನೆರಳಿನಲ್ಲಿ ಕಪ್ಪು ಚುಕ್ಕೆ ಕಾಣುವುದಿಲ್ಲ. ಮೇಲೆಯೇ ಬೇಕೆಂಬ ಹಟವಿದ್ದರೆ ಚುಕ್ಕೆಗಳ ಡಿವ್‌ಗೆ 60%ರಷ್ಟಾದರೂ ಗಾಢವಾದ ಕಪ್ಪು ಪಟ್ಟಿ ಹಾಕಿ.

ಚುಕ್ಕೆ ಒತ್ತಿದಾಗ

ಸ್ಕ್ರಿಪ್ಟ್‌ನ ಮೊದಲ ಅರ್ಧ ಇದು. ಸೆಕ್ಷನ್ ಒಳಗಿನ ಟ್ರ್ಯಾಕ್, ಅದರ ಸ್ಲೈಡ್‌ಗಳು, ಚುಕ್ಕೆಗಳ ಡಿವ್, ಈ ಮೂರನ್ನು ಹಿಡಿದುಕೊಳ್ಳಿ. ಹುಡುಕುವಾಗ ಡಾಕ್ಯುಮೆಂಟ್‌ನಿಂದ ಹುಡುಕದೆ ಆಯಾ ಸೆಕ್ಷನ್‌ನಿಂದಲೇ ಕ್ವೆರಿಸೆಲೆಕ್ಟರ್ ಕರೆಯಿರಿ. ಇಲ್ಲದಿದ್ದರೆ ಪುಟದಲ್ಲಿ ಎರಡು ಕ್ಯಾರೌಸೆಲ್ ಇದ್ದಾಗ ಕೆಳಗಿನದರ ಚುಕ್ಕೆ ಮೇಲಿನದನ್ನು ಓಡಿಸುತ್ತದೆ. ಸ್ಲೈಡ್ ಒಂದೇ ಇದ್ದರೆ ಇಲ್ಲೇ ನಿಲ್ಲಿಸಿ, ಒಂಟಿ ಚುಕ್ಕೆಯಿಂದ ಯಾರಿಗೂ ಉಪಯೋಗವಿಲ್ಲ.

ಪ್ರತಿ ಸ್ಲೈಡ್‌ಗೂ ಒಂದು ಬಟನ್ ಹುಟ್ಟಿಸಿ, ಅದರ ಕ್ಲಿಕ್‌ಗೆ ಒಂದೇ ಕೆಲಸ ಕೊಡಿ: ಟ್ರ್ಯಾಕ್‌ನ ಸ್ಕ್ರೋಲ್‌ಟು ಕರೆಯುವುದು. ಲೆಫ್ಟ್‌ಗೆ ಆ ಸ್ಲೈಡ್‌ನ ಆಫ್‌ಸೆಟ್‌ಲೆಫ್ಟ್, ಬಿಹೇವಿಯರ್‌ಗೆ ಸ್ಮೂತ್. ಆಫ್‌ಸೆಟ್‌ಲೆಫ್ಟ್ ಅನ್ನು ಒತ್ತಿದ ಗಳಿಗೆಯಲ್ಲೇ ಓದಿ. ಪುಟ ತೆರೆದಾಗಲೇ ಓದಿ ಇಟ್ಟುಕೊಂಡರೆ ಫೋನ್ ಅಡ್ಡ ತಿರುಗಿಸಿದ ಮೇಲೆ ಆ ಲೆಕ್ಕ ಹಳತಾಗಿರುತ್ತದೆ.

ಸ್ಕ್ರೋಲ್‌ಇಂಟುವ್ಯೂ ಬಳಸಿದರೆ ಒಂದೇ ಪದದಲ್ಲಿ ಮುಗಿಯುತ್ತದಲ್ಲ ಎನ್ನಿಸಬಹುದು. ಅದು ಟ್ರ್ಯಾಕ್ ಜೊತೆಗೆ ಇಡೀ ಪುಟವನ್ನೂ ಮೇಲೆ ಕೆಳಗೆ ಎಳೆಯುತ್ತದೆ. ಚುಕ್ಕೆ ಒತ್ತಿದ ಕೂಡಲೇ ಚಿತ್ರದ ನೆತ್ತಿ ಪರದೆಯ ಅಂಚಿಗೆ ಜಿಗಿದು ಚುಕ್ಕೆ ಬೆರಳಿನ ಕೆಳಗಿನಿಂದ ಜಾರಿಹೋಗುತ್ತದೆ. ಬ್ಲಾಕ್‌ಗೆ ನಿಯರೆಸ್ಟ್ ಎಂದು ಕೊಟ್ಟರೆ ಎಷ್ಟೋ ತಗ್ಗುತ್ತದೆ, ಆದರೂ ಸ್ಕ್ರೋಲ್‌ಟು ಕೊಡುವ ನಿಖರತೆ ಅದರಲ್ಲಿಲ್ಲ.

ಚಲನೆ ಕಂಡರೆ ತಲೆಸುತ್ತುವವರು ಫೋನಿನ ಸೆಟ್ಟಿಂಗ್‌ನಲ್ಲಿ ಅನಿಮೇಷನ್ ಕಡಿಮೆ ಮಾಡಿಟ್ಟಿರುತ್ತಾರೆ. ಪ್ರಿಫರ್ಸ್-ರೆಡ್ಯೂಸ್ಡ್-ಮೋಷನ್ ಅನ್ನು ಮ್ಯಾಚ್‌ಮೀಡಿಯಾದಿಂದ ಕೇಳಿ, ಹೌದಾದರೆ ಬಿಹೇವಿಯರ್‌ಗೆ ಸ್ಮೂತ್ ಬದಲು ಇನ್‌ಸ್ಟಂಟ್ ಕೊಡಿ. ಆಟೋ ಕೊಡಬೇಡಿ. ಸಿಎಸ್‌ಎಸ್‌ನಲ್ಲಿ ಸ್ಕ್ರೋಲ್-ಬಿಹೇವಿಯರ್ ಸ್ಮೂತ್ ಇದ್ದರೆ ಆಟೋ ಅದನ್ನೇ ಪಾಲಿಸುತ್ತದೆ.

ಗಮನಿಸಿ, ಒತ್ತಿದ ಚುಕ್ಕೆಗೆ ಬಣ್ಣ ತುಂಬುವ ಸಾಲನ್ನು ಇಲ್ಲಿ ಬರೆದಿಲ್ಲ. ಬರೆಯಲೂಬಾರದು.

ಸಾಲು ಸರಿದಾಗ

ಎರಡನೇ ಅರ್ಧದಲ್ಲಿ, ಯಾವ ಎಲಿಮೆಂಟ್ ಎಷ್ಟು ಪಾಲು ಕಾಣುತ್ತಿದೆ ಎಂದು ಹೇಳುವ ಇಂಟರ್‌ಸೆಕ್ಷನ್ ಅಬ್ಸರ್ವರ್ ಕಾವಲಿಗೆ ನಿಲ್ಲುತ್ತದೆ. ರೂಟ್‌ಗೆ ಟ್ರ್ಯಾಕ್, ಥ್ರೆಶೋಲ್ಡ್‌ಗೆ 0.6 ಕೊಟ್ಟು ಎಲ್ಲ ಸ್ಲೈಡ್‌ಗಳನ್ನೂ ಅಬ್ಸರ್ವ್ ಮಾಡಿ. ಬಂದ ಪ್ರತಿ ಎಂಟ್ರಿಯಲ್ಲಿ ಇಂಟರ್‌ಸೆಕ್ಷನ್‌ರೇಶಿಯೋ 0.6 ಅಥವಾ ಹೆಚ್ಚಿದ್ದರೆ ಆ ಸ್ಲೈಡ್‌ನ ಸಂಖ್ಯೆ ಹುಡುಕಿ, ಎಲ್ಲ ಚುಕ್ಕೆಗಳಿಂದ ಏರಿಯಾ-ಕರೆಂಟ್ (‘ಈಗಿನದು ಇದು’ ಎಂದು ಸ್ಕ್ರೀನ್ ರೀಡರ್‌ಗೆ ತಿಳಿಸುವ ಗುರುತು) ತೆಗೆದು, ಆ ಒಂದಕ್ಕೆ ಏರಿಯಾ-ಕರೆಂಟ್ ಟ್ರೂ ಎಂದು ಹಾಕಿ. ಸಿಎಸ್‌ಎಸ್‌ನಲ್ಲೂ ತುಂಬಿದ ಚುಕ್ಕೆಯ ರೂಪವನ್ನು ಇದೇ ಏರಿಯಾ-ಕರೆಂಟ್‌ಗೆ ಕಟ್ಟಿ, ಆಕ್ಟಿವ್ ಎಂಬ ಬೇರೆ ಕ್ಲಾಸ್ ಬೇಡ. ಆಗ ಕಣ್ಣಿಗೆ ಕಾಣುವುದೂ ಸ್ಕ್ರೀನ್ ರೀಡರ್ ಹೇಳುವುದೂ ಬೇರೆಬೇರೆಯಾಗಲು ಅವಕಾಶವೇ ಇರುವುದಿಲ್ಲ.

0.6 ಯಾಕೆ? ಒಂದು ಸ್ಲೈಡ್ ಟ್ರ್ಯಾಕ್‌ನ ಪೂರ್ತಿ ಅಗಲ ಇರುವಾಗ ಎರಡು ಸ್ಲೈಡ್ ಏಕಕಾಲಕ್ಕೆ 60% ಕಾಣಲು ಸಾಧ್ಯವಿಲ್ಲ. 0.5 ಕೊಟ್ಟರೆ ನಟ್ಟನಡುವೆ ನಿಂತಾಗ ಎರಡೂ ತಾವೇ ಎನ್ನುತ್ತವೆ. 1 ಕೊಡುವುದು ಇನ್ನೂ ಕೆಟ್ಟದ್ದು: ಬ್ರೌಸರ್ ಝೂಮ್ 110% ಇದ್ದಾಗ ಅಗಲಗಳು ದಶಾಂಶಕ್ಕೆ ಬೀಳುತ್ತವೆ, ಕಾಣುವ ಪಾಲು 0.998ಕ್ಕೆ ನಿಂತು 1 ಮುಟ್ಟದೇ ಇರಬಹುದು. ಬರೆದವರ ಕಂಪ್ಯೂಟರ್‌ನಲ್ಲಿ ಚೆನ್ನಾಗಿರುವ ಚುಕ್ಕೆ ಬೇರೆಯವರಲ್ಲಿ ಅಲುಗಾಡುವುದಿಲ್ಲ.

ರೂಟ್ ಬಿಟ್ಟರೆ ಅಬ್ಸರ್ವರ್ ಪರದೆಯ ಲೆಕ್ಕದಲ್ಲಿ ಅಳೆಯುತ್ತದೆ. ಪುಟ ಮೇಲಕ್ಕೆ ಸರಿದು ಕ್ಯಾರೌಸೆಲ್ ಅರ್ಧ ಮರೆಯಾಗಿದ್ದರೆ ಯಾವ ಸ್ಲೈಡೂ 60% ಕಾಣುವುದಿಲ್ಲ, ಚುಕ್ಕೆಗಳು ಹೆಪ್ಪುಗಟ್ಟುತ್ತವೆ. ರೂಟ್ ಟ್ರ್ಯಾಕ್ ಆಗಿದ್ದರೆ ಪುಟದ ಮೇಲೆಕೆಳಗೆ ಓಡಾಟ ಲೆಕ್ಕಕ್ಕೇ ಬರುವುದಿಲ್ಲ.

ಒಂದರಿಂದ ಐದಕ್ಕೆ ಹೋಗುವಾಗ ನಡುವಿನ ಎರಡು, ಮೂರು, ನಾಲ್ಕು ಚುಕ್ಕೆಗಳು ಕ್ಷಣಕಾಲ ತುಂಬಿ ಖಾಲಿಯಾಗುತ್ತವೆ. ಕೆಲವರು ಇದನ್ನು ದೋಷವೆಂದು ಭಾವಿಸಿ, ಒತ್ತಿದ ಕೂಡಲೇ ಐದನ್ನು ತುಂಬಿ, ಅರ್ಧ ಸೆಕೆಂಡ್ ಅಬ್ಸರ್ವರ್ ಬಾಯಿ ಮುಚ್ಚಿಸುವ ಟೈಮರ್ ಇಡುತ್ತಾರೆ. ಚಿತ್ರಗಳು ಹಾದುಹೋಗುತ್ತಿರುವಾಗ ಚುಕ್ಕೆಯೂ ಹಾದುಹೋಗುವುದು ಸಹಜವೇ. ಆ ಟೈಮರ್ ಮಾತ್ರ ನಿಧಾನ ಫೋನಿನಲ್ಲಿ ಖಂಡಿತ ಕೈಕೊಡುತ್ತದೆ.

ಈ ವಿಧಾನದ ನಿಜವಾದ ಗಳಿಕೆ ನೀವು ಯೋಚಿಸದ ದಾರಿಗಳಲ್ಲಿ ಕಾಣುತ್ತದೆ. ಸ್ಲೈಡ್ ಒಳಗೆ ಲಿಂಕ್ ಇದ್ದು ಯಾರೋ ಟ್ಯಾಬ್ ಒತ್ತುತ್ತಾ ನಾಲ್ಕನೇ ಸ್ಲೈಡ್‌ನ ಲಿಂಕಿಗೆ ಬಂದರೆ ಬ್ರೌಸರ್ ತಾನೇ ಸಾಲನ್ನು ಅಲ್ಲಿಗೆ ಸರಿಸುತ್ತದೆ. ನೀವು ಒಂದಕ್ಷರ ಬರೆಯದೆ ನಾಲ್ಕನೇ ಚುಕ್ಕೆ ತುಂಬಿಕೊಳ್ಳುತ್ತದೆ.

ಒಮ್ಮೆಗೆ ಮೂರು ಚಿತ್ರ ಕಾಣುವಾಗ

ದೊಡ್ಡ ಪರದೆಯಲ್ಲಿ ಮೂರು ಸ್ಲೈಡ್ ಒಟ್ಟಿಗೆ ಕಾಣುವಂತಿದ್ದರೆ ಮೇಲಿನ ಅಬ್ಸರ್ವರ್ ಉಪಯೋಗಕ್ಕೆ ಬರುವುದಿಲ್ಲ, ಮೂರಕ್ಕೂ ಪಾಲು 1. ಆಗ ಒಂದು ಚುಕ್ಕೆ ಎಂದರೆ ಒಂದು ಚಿತ್ರವಲ್ಲ, ಒಂದು ಪುಟ. ಪುಟಗಳ ಸಂಖ್ಯೆ: ಟ್ರ್ಯಾಕ್‌ನ ಸ್ಕ್ರೋಲ್‌ವಿಡ್ತ್‌ನಿಂದ 1 ಕಳೆದು, ಕ್ಲೈಂಟ್‌ವಿಡ್ತ್‌ನಿಂದ ಭಾಗಿಸಿ, ಮೇಲಿನ ಪೂರ್ಣಾಂಕಕ್ಕೆ ಏರಿಸಿ. ಆ 1 ಕಳೆಯುವುದು ವಿನಾಕಾರಣವಲ್ಲ. ಸ್ಕ್ರೋಲ್‌ವಿಡ್ತ್ ದಶಾಂಶವನ್ನು ಪೂರ್ಣಾಂಕಕ್ಕೆ ದುಂಡಾಗಿಸಿ ಹೇಳುತ್ತದೆ. ಒಂದು ಪಿಕ್ಸೆಲ್ ಹೆಚ್ಚು ಹೇಳಿದರೂ ಎಲ್ಲಿಗೂ ಹೋಗದ ಒಂದು ದೆವ್ವದ ಚುಕ್ಕೆ ಕೊನೆಯಲ್ಲಿ ಹುಟ್ಟುತ್ತದೆ.

ಈಗಿನ ಪುಟ: ಸ್ಕ್ರೋಲ್‌ಲೆಫ್ಟ್ ಭಾಗಿಸು ಕ್ಲೈಂಟ್‌ವಿಡ್ತ್, ಹತ್ತಿರದ ಪೂರ್ಣಾಂಕ. ಇದರಲ್ಲೊಂದು ತೊಡಕಿದೆ. ಏಳು ಚಿತ್ರ, ಒಮ್ಮೆಗೆ ಮೂರು ಎಂದುಕೊಳ್ಳಿ. ಪುಟಗಳು 2.33, ಅಂದರೆ ಮೂರು ಚುಕ್ಕೆ. ಆದರೆ ಸಾಲು ಕೊನೆ ಮುಟ್ಟಿದಾಗ ಸರಿದಿರುವುದು ನಾಲ್ಕೇ ಚಿತ್ರದಷ್ಟು, 1.33 ಪುಟ. ಹತ್ತಿರದ ಪೂರ್ಣಾಂಕ 1, ಅಂದರೆ ಎರಡನೇ ಚುಕ್ಕೆ. ಮೂರನೆಯದು ಯಾವ ಕಾಲಕ್ಕೂ ತುಂಬುವುದಿಲ್ಲ. ಎಂಟು ಚಿತ್ರವಿದ್ದರೆ ಇದೇ ಕೋಡ್ ಸರಿಯಾಗಿ ನಡೆಯುತ್ತದೆ, ಯಾಕೆಂದರೆ 1.67 ಎರಡಕ್ಕೆ ಏರುತ್ತದೆ. ಹಾಗಾಗಿ ಪರೀಕ್ಷೆಯಲ್ಲಿ ಇದು ತಪ್ಪಿಸಿಕೊಳ್ಳುತ್ತದೆ. ಪರಿಹಾರ ಒಂದು ಷರತ್ತು: ಸ್ಕ್ರೋಲ್‌ಲೆಫ್ಟ್ ಮತ್ತು ಕ್ಲೈಂಟ್‌ವಿಡ್ತ್ ಕೂಡಿದ ಮೊತ್ತ ಸ್ಕ್ರೋಲ್‌ವಿಡ್ತ್‌ಗೆ 2 ಪಿಕ್ಸೆಲ್‌ನಷ್ಟು ಹತ್ತಿರ ಬಂದಿದ್ದರೆ, ಬೇರೆ ಲೆಕ್ಕ ನೋಡದೆ ಕೊನೆಯ ಚುಕ್ಕೆ ತುಂಬಿ.

ಈ ಲೆಕ್ಕವನ್ನು ಸ್ಕ್ರೋಲ್ ಈವೆಂಟ್‌ಗೆ ಕಟ್ಟಿ, ರಿಕ್ವೆಸ್ಟ್‌ಅನಿಮೇಷನ್‌ಫ್ರೇಮ್ ಒಳಗಿಟ್ಟರೆ ಫ್ರೇಮ್‌ಗೆ ಒಮ್ಮೆ ಮಾತ್ರ ನಡೆಯುತ್ತದೆ. ಪರದೆಯ ಅಗಲ ಬದಲಾದಾಗ ಪುಟಗಳ ಸಂಖ್ಯೆಯೂ ಬದಲಾಗುವುದರಿಂದ ಟ್ರ್ಯಾಕ್ ಮೇಲೆ ರಿಸೈಜ್ ಅಬ್ಸರ್ವರ್ ಇಟ್ಟು ಚುಕ್ಕೆಗಳನ್ನು ಮತ್ತೆ ಕಟ್ಟಿ. ಮುಚ್ಚಿದ ಟ್ಯಾಬ್ ಅಥವಾ ಪಾಪ್‌ಅಪ್ ಒಳಗಿನ ಕ್ಯಾರೌಸೆಲ್‌ನ ಕ್ಲೈಂಟ್‌ವಿಡ್ತ್ ಸೊನ್ನೆ. ಸೊನ್ನೆಯಿಂದ ಭಾಗಿಸುವ ಮುನ್ನ ವಾಪಸ್ ಹೋಗಿ, ತೆರೆದುಕೊಂಡಾಗ ರಿಸೈಜ್ ಅಬ್ಸರ್ವರ್ ಹೇಗೂ ಮತ್ತೆ ಕರೆಯುತ್ತದೆ. ಉರ್ದು ಆವೃತ್ತಿಯೂ ಇರುವ ಸೈಟಾದರೆ ಅಲ್ಲಿ ಸಾಲು ಬಲದಿಂದ ಶುರು, ಸ್ಕ್ರೋಲ್‌ಲೆಫ್ಟ್ ಸೊನ್ನೆಯಿಂದ ಋಣ ಸಂಖ್ಯೆಗೆ ಇಳಿಯುತ್ತದೆ. ಓದುವಾಗ ಚಿಹ್ನೆ ತೆಗೆದು ಬಳಸಿ, ಸ್ಕ್ರೋಲ್‌ಟುಗೆ ಕೊಡುವಾಗ ಚಿಹ್ನೆ ಮರಳಿ ಹಚ್ಚಿ.

ಕೇಳಿ ಓದುವವರಿಗೆ

ಚುಕ್ಕೆಯೊಳಗೆ ಅಕ್ಷರವಿಲ್ಲ. ಹೆಸರು ಕೊಡದಿದ್ದರೆ ಸ್ಕ್ರೀನ್ ರೀಡರ್ ‘ಬಟನ್, ಬಟನ್, ಬಟನ್’ ಎಂದು ಐದು ಸಲ ಹೇಳಿ ಸುಮ್ಮನಾಗುತ್ತದೆ. ಪ್ರತಿ ಬಟನ್‌ಗೂ ಏರಿಯಾ-ಲೇಬಲ್ ಬೇಕು: ‘2ನೇ ಚಿತ್ರ, ಕಲ್ಲಿನ ರಥ’. ಹೆಸರಿನ ಭಾಗವನ್ನು ಆ ಚಿತ್ರದ ಆಲ್ಟ್‌ನಿಂದ (ಚಿತ್ರದ ಬದಲು ಓದಿ ಹೇಳುವ ಪಠ್ಯ) ಎತ್ತಿಕೊಳ್ಳಬಹುದು, ಆಲ್ಟ್ ಚುಟುಕಾಗಿದ್ದರೆ ಮಾತ್ರ. ಹೊರಗಿನ ಸೆಕ್ಷನ್‌ಗೆ ‘ಹಂಪಿಯ ಚಿತ್ರಗಳು’ ಎಂಬ ಲೇಬಲ್ ಕೊಡಿ. ಟ್ರ್ಯಾಕ್‌ಗೂ ಒಂದು ಲೇಬಲ್ ಮತ್ತು ಟ್ಯಾಬ್‌ಇಂಡೆಕ್ಸ್ 0 ಇರಲಿ, ಬಾಣದ ಕೀಲಿಗಳಿಂದ ಸರಿಸಲು ಆಗುತ್ತದೆ.

ಕನ್ನಡ ಸೈಟುಗಳಲ್ಲಿ ಇಲ್ಲಿ ಒಂದು ಎಡವಟ್ಟು ಪದೇಪದೇ ಆಗುತ್ತದೆ. ಪುಟದ ಭಾಷೆ ಹೇಳುವ ಲ್ಯಾಂಗ್ ಕನ್ನಡ ಎಂದಿರುತ್ತದೆ, ಲೈಬ್ರರಿ ತಾನಾಗಿ ಹಾಕಿದ ಚುಕ್ಕೆಗಳ ಲೇಬಲ್ ಇಂಗ್ಲಿಷ್‌ನಲ್ಲಿರುತ್ತದೆ. ಕನ್ನಡ ಧ್ವನಿ ಆ ಇಂಗ್ಲಿಷನ್ನು ಓದಲು ಹೋಗಿ ಎರಡೂ ಅಲ್ಲದ ಏನೋ ಕೇಳಿಸುತ್ತದೆ. ತಿರುವುಮುರುವಾದರೂ ಅಷ್ಟೇ: ಲೇಬಲ್ ಕನ್ನಡದಲ್ಲಿದ್ದು ಲ್ಯಾಂಗ್ ಇಂಗ್ಲಿಷ್ ಆಗಿ ಉಳಿದಿದ್ದರೆ ಕೆಲವು ಧ್ವನಿಗಳು ಕನ್ನಡ ಅಕ್ಷರಗಳನ್ನು ಹಾರಿಸಿಬಿಡುತ್ತವೆ. ಎರಡೂ ಹೊಂದಬೇಕು. ಲೇಬಲ್‌ನ ಕ್ರಮವನ್ನೂ ಕನ್ನಡದ್ದನ್ನಾಗಿ ಮಾಡಿ. ‘2 / 5’ ಎಂಬ ಟೆಂಪ್ಲೇಟ್‌ನ ಅಂಕಿಗಳನ್ನು ಅದಲುಬದಲು ಮಾಡದೆ ನಡುವೆ ‘ರಲ್ಲಿ’ ತುರುಕಿದರೆ ‘2ರಲ್ಲಿ 5’ ಆಗುತ್ತದೆ. ಬೇಕಾದದ್ದು ‘5ರಲ್ಲಿ 2ನೆಯದು’.

ಚುಕ್ಕೆಗಳಿಗೆ ಟ್ಯಾಬ್‌ಲಿಸ್ಟ್, ಟ್ಯಾಬ್ ಎಂಬ ರೋಲ್ ಕೊಡುವ ಇನ್ನೊಂದು ಪದ್ಧತಿಯೂ ಇದೆ, ತಪ್ಪೇನಲ್ಲ. ಆದರೆ ಆಗ ಎಡಬಲ ಬಾಣಗಳಿಂದ ಚುಕ್ಕೆ ಬದಲಾಗಬೇಕು, ಟ್ಯಾಬ್ ಕೀಲಿ ಎಲ್ಲ ಚುಕ್ಕೆಗಳಿಗೆ ಸೇರಿ ಒಮ್ಮೆ ಮಾತ್ರ ನಿಲ್ಲಬೇಕು. ರೋಲ್ ಕೊಟ್ಟು ಬಾಣ ಬರೆಯದೇ ಬಿಡುವುದಕ್ಕಿಂತ ಸರಳ ಬಟನ್‌ಗಳೇ ಎಷ್ಟೋ ವಾಸಿ.

ತಾನಾಗಿ ಓಡುವ ಕ್ಯಾರೌಸೆಲ್

ಬೇಡ ಎನ್ನುವುದು ನಮ್ಮ ಸಲಹೆ. ಗ್ರಾಹಕರು ಒಪ್ಪದಿದ್ದರೆ: 5 ಸೆಕೆಂಡ್‌ಗಿಂತ ಹೆಚ್ಚು ಹೊತ್ತು ತಾನಾಗಿ ಚಲಿಸುವ ಯಾವುದನ್ನೇ ಆಗಲಿ ನಿಲ್ಲಿಸಲು ಬಟನ್ ಇರಲೇಬೇಕು. ಮೌಸ್ ಮೇಲೆ ಬಂದಾಗ, ಫೋಕಸ್ ಒಳಗಿದ್ದಾಗ ನಿಲ್ಲಬೇಕು. ಚುಕ್ಕೆ ಒತ್ತಿದರೆ ಟೈಮರ್ ಪೂರ್ತಿ ನಿಲ್ಲಲಿ. ನಿಲ್ಲಿಸದಿದ್ದರೆ ಕಮಲ ಮಹಲ್ ನೋಡಬೇಕೆಂದು ಒತ್ತಿದವರ ಕಣ್ಣೆದುರಿಂದ ಮರುಕ್ಷಣವೇ ಅದು ಜಾರಿಹೋಗುತ್ತದೆ.

ಲೈಬ್ರರಿ ಬಳಸುತ್ತಿದ್ದರೆ

ಸ್ವೈಪರ್‌ನಲ್ಲಿ ಪೇಜಿನೇಷನ್ ಎಂಬ ಆಯ್ಕೆಯೊಳಗೆ ಇಎಲ್‌ಗೆ ಚುಕ್ಕೆಗಳ ಡಿವ್‌ನ ಸೆಲೆಕ್ಟರ್, ಕ್ಲಿಕಬಲ್‌ಗೆ ಟ್ರೂ. ಕ್ಲಿಕಬಲ್ ಬರೆಯದಿದ್ದರೆ ಚುಕ್ಕೆಗಳು ಬರೀ ಅಲಂಕಾರ, ಒತ್ತಿದರೆ ಏನೂ ಆಗದು. ಎನ್‌ಪಿಎಂ ಎಂಬ ಪ್ಯಾಕೇಜ್ ಭಂಡಾರದಿಂದ ತಂದಿದ್ದರೆ ಪೇಜಿನೇಷನ್ ಮಾಡ್ಯೂಲನ್ನು ಇಂಪೋರ್ಟ್ ಮಾಡಿ ಮಾಡ್ಯೂಲ್ಸ್ ಪಟ್ಟಿಗೆ ಸೇರಿಸಬೇಕು, ಅದರ ಸಿಎಸ್‌ಎಸ್ ಕಡತವನ್ನೂ ಬೇರೆಯಾಗಿ ತರಬೇಕು. ಎರಡರಲ್ಲಿ ಒಂದು ಮರೆತರೂ ಎರರ್ ಬರುವುದಿಲ್ಲ, ಚುಕ್ಕೆಯೂ ಬರುವುದಿಲ್ಲ.

ಅದರ ಮೂಲ ಅಳತೆಗಳನ್ನು ಹಾಗೇ ಬಿಡಬೇಡಿ. ಚುಕ್ಕೆ 8 ಪಿಕ್ಸೆಲ್, ಎಡಬಲಕ್ಕೆ 4ರಂತೆ ಸಂದು, ನಡುವಿನಿಂದ ನಡುವಿಗೆ 16. ಸಂದನ್ನು 8ಕ್ಕೆ ಏರಿಸಿದರೆ 24 ಆಗುತ್ತದೆ. ತುಂಬದ ಚುಕ್ಕೆ 0.2 ಅಪಾರದರ್ಶಕತೆಯ ಕಪ್ಪು, ಬಿಳಿಯ ಮೇಲೆ 1.6:1 ಕಾಂಟ್ರಾಸ್ಟ್. ಇವಕ್ಕೆಲ್ಲ ಸ್ವೈಪರ್-ಪೇಜಿನೇಷನ್ ಎಂದು ಶುರುವಾಗುವ ಸಿಎಸ್‌ಎಸ್ ವೇರಿಯಬಲ್‌ಗಳಿವೆ, ಅಲ್ಲೇ ಬದಲಿಸಿ. ಲೇಬಲ್ ಕನ್ನಡಕ್ಕೆ ತರಲು ಎ11ವೈ ಆಯ್ಕೆಯೊಳಗಿನ ಪೇಜಿನೇಷನ್‌ಬುಲೆಟ್‌ಮೆಸೇಜ್ ಇದೆ, ಜೋಡಿ ಕಂಸದೊಳಗಿನ ಇಂಡೆಕ್ಸ್‌ಗೆ ‘ನೇ ಚಿತ್ರಕ್ಕೆ ಹೋಗಿ’ ಎಂದು ಅಂಟಿಸಿ. ಲೂಪ್ ಹಾಕಿದ್ದರೆ ನಿಮ್ಮ ಕೋಡ್ ಆಕ್ಟಿವ್‌ಇಂಡೆಕ್ಸ್ ಬದಲು ರಿಯಲ್‌ಇಂಡೆಕ್ಸ್ ಓದಬೇಕು. ಚಿತ್ರ ಹೆಚ್ಚಿದ್ದರೆ ಡೈನಮಿಕ್‌ಬುಲೆಟ್ಸ್ ಅಂಚಿನ ಚುಕ್ಕೆಗಳನ್ನು ಕುಗ್ಗಿಸಿ ಮರೆಮಾಡುತ್ತದೆ. ನೋಡಲು ಚೆಂದ, ಒತ್ತಲು ಕಷ್ಟ.

ಬೂಟ್‌ಸ್ಟ್ರಾಪ್ 5ರ ಇಂಡಿಕೇಟರ್‌ಗಳು ಮೂಲತಃ ಚುಕ್ಕೆಗಳಲ್ಲ, 30 × 3 ಪಿಕ್ಸೆಲ್‌ನ ಗೆರೆಗಳು. ವಿಡ್ತ್, ಹೈಟ್ ಎರಡನ್ನೂ 12 ಮಾಡಿ ಬಾರ್ಡರ್-ರೇಡಿಯಸ್ 50% ಕೊಟ್ಟರೆ ದುಂಡಾಗುತ್ತವೆ. ಮೇಲೆ ಕೆಳಗೆ ಇರುವ 10 ಪಿಕ್ಸೆಲ್‌ನ ಕಾಣದ ಬಾರ್ಡರ್ ಬೆರಳಿಗೆಂದೇ ಇಟ್ಟದ್ದು, ಅದನ್ನು ಕೀಳಬೇಡಿ. ಡೇಟಾ-ಬಿಎಸ್-ಸ್ಲೈಡ್-ಟು ಸೊನ್ನೆಯಿಂದ ಶುರು. ಒಂದರಿಂದ ಎಣಿಸಿದರೆ ಪ್ರತಿ ಚುಕ್ಕೆಯೂ ಒಂದು ಚಿತ್ರ ಮುಂದೆ ಹೋಗುತ್ತದೆ, ಕೊನೆಯದು ಸತ್ತಿರುತ್ತದೆ. ಸ್ಲೈಡ್‌ಗಳಲ್ಲಿ ಒಂದಕ್ಕಾದರೂ ಆಕ್ಟಿವ್ ಕ್ಲಾಸ್ ಇಲ್ಲದಿದ್ದರೆ ಯಾವ ಚಿತ್ರವೂ ಕಾಣುವುದಿಲ್ಲ.

ಸ್ಲಿಕ್ ಮತ್ತು ಔಲ್‌ನಲ್ಲಿ ಡಾಟ್ಸ್ ಟ್ರೂ ಎಂದರೆ ಮುಗಿಯಿತು. ಎರಡಕ್ಕೂ ಜೆಕ್ವೆರಿ ಎಂಬ ಇನ್ನೊಂದು ಲೈಬ್ರರಿ ಬೇಕು, ಚುಕ್ಕೆಗಾಗಿಯೇ ಹೊಸದಾಗಿ ತರುವಷ್ಟು ಬೆಲೆಯದ್ದಲ್ಲ. ಎಂಬ್ಲಾ ಚುಕ್ಕೆ ಕೊಡುವುದಿಲ್ಲ, ಆದರೆ ಸ್ಕ್ರೋಲ್‌ಸ್ನ್ಯಾಪ್‌ಲಿಸ್ಟ್ ಎಷ್ಟು ಚುಕ್ಕೆ ಬೇಕೆಂದೂ ಸೆಲೆಕ್ಟೆಡ್‌ಸ್ಕ್ರೋಲ್‌ಸ್ನ್ಯಾಪ್ ಈಗ ಯಾವುದೆಂದೂ ಹೇಳುತ್ತವೆ. ಸೆಲೆಕ್ಟ್ ಮತ್ತು ರಿಇನಿಟ್ ಎರಡೂ ಈವೆಂಟ್‌ಗಳಿಗೆ ಕಿವಿಗೊಡಿ.

ಬರೀ ಸಿಎಸ್‌ಎಸ್‌ನಿಂದ

2025ರ ಏಪ್ರಿಲ್‌ನಲ್ಲಿ ಬಂದ ಕ್ರೋಮ್ 135ರಿಂದ ಸ್ಕ್ರಿಪ್ಟ್ ಇಲ್ಲದೆಯೇ ಚುಕ್ಕೆ ಹುಟ್ಟಿಸಬಹುದು. ಟ್ರ್ಯಾಕ್‌ಗೆ ಸ್ಕ್ರೋಲ್-ಮಾರ್ಕರ್-ಗ್ರೂಪ್ ಆಫ್ಟರ್, ಸ್ಲೈಡ್‌ನ ಸ್ಕ್ರೋಲ್-ಮಾರ್ಕರ್ ಸೂಡೋ ಎಲಿಮೆಂಟ್‌ಗೆ ರೂಪ, ಈಗಿನದಕ್ಕೆ ಟಾರ್ಗೆಟ್-ಕರೆಂಟ್. ಚುಕ್ಕೆ ಸಾಲನ್ನು ಹಿಂಬಾಲಿಸುವ ಕೆಲಸವನ್ನು ಬ್ರೌಸರೇ ಮಾಡುತ್ತದೆ. ಎಲ್ಲ ಬ್ರೌಸರ್‌ಗಳೂ ಇದನ್ನು ಅರಿಯುವವರೆಗೆ, ಒಂದು ಸೌಲಭ್ಯ ಬ್ರೌಸರ್‌ಗೆ ಗೊತ್ತೇ ಎಂದು ಕೇಳುವ ಸಪೋರ್ಟ್ಸ್ ನಿಯಮದೊಳಗೆ ಇಡಿ. ಸ್ಕ್ರಿಪ್ಟ್‌ನಲ್ಲೂ ಅದನ್ನೇ ಕೇಳಿ, ಇದ್ದರೆ ಬಟನ್‌ಗಳನ್ನು ಹುಟ್ಟಿಸಬೇಡಿ. ಕೇಳದಿದ್ದರೆ ಕ್ರೋಮ್‌ನಲ್ಲಿ ಎರಡು ಸಾಲು ಚುಕ್ಕೆ.

ಹೊರಬಿಡುವ ಮುನ್ನ

320 ಪಿಕ್ಸೆಲ್ ಅಗಲಕ್ಕೆ ಕಿರಿದು ಮಾಡಿ ಚುಕ್ಕೆಗಳು ಒಂದೇ ಸಾಲಿನಲ್ಲಿವೆಯೇ ನೋಡಿ. ಮೂರನೇ ಚಿತ್ರಕ್ಕೆ ಬೆರಳಿನಿಂದ ಹೋಗಿ, ಫೋನ್ ಅಡ್ಡ ತಿರುಗಿಸಿ, ಚಿತ್ರವೂ ಚುಕ್ಕೆಯೂ ಮೂರರಲ್ಲೇ ಇವೆಯೇ ಎಂದು ನೋಡಿ. ಮೌಸ್ ಮುಟ್ಟದೆ ಟ್ಯಾಬ್‌ನಿಂದ ಎಲ್ಲ ಚುಕ್ಕೆಗಳಿಗೂ ಹೋಗಿ ಬನ್ನಿ. ಫೋಕಸ್‌ನ ಗೆರೆ ಅರ್ಧ ಕತ್ತರಿಸಿದಂತೆ ಕಂಡರೆ ಚುಕ್ಕೆಗಳ ಡಿವ್‌ಗೋ ಅದರ ತಾಯಿಗೋ ಓವರ್‌ಫ್ಲೋ ಹಿಡನ್ ಇದೆ ಎಂದರ್ಥ. ಆಂಡ್ರಾಯ್ಡ್‌ನ ಸ್ಕ್ರೀನ್ ರೀಡರ್ ಆದ ಟಾಕ್‌ಬ್ಯಾಕ್ ಹಾಕಿ ಕನ್ನಡ ಧ್ವನಿಯಲ್ಲಿ ಒಮ್ಮೆ ಪೂರ್ತಿ ಕೇಳಿ. ಬ್ರೌಸರ್ ಝೂಮ್ 110%ಗೂ 200%ಗೂ ಏರಿಸಿ ಕೊನೆಯ ಚುಕ್ಕೆ ತುಂಬುತ್ತದೆಯೇ ಪರೀಕ್ಷಿಸಿ. ಜಾವಾಸ್ಕ್ರಿಪ್ಟ್ ಆಫ್ ಮಾಡಿ ಪುಟ ಮರುತೆರೆದಾಗ ಚಿತ್ರಗಳು ಸರಿಯುತ್ತಿರಬೇಕು, ಸ್ಕ್ರೋಲ್‌ಬಾರ್ ಕಾಣುತ್ತಿರಬೇಕು. ಆಮೇಲೆ ಆರನೆಯದಾಗಿ ವಿಜಯ ವಿಠ್ಠಲ ದೇವಸ್ಥಾನದ ಒಂದು ಫೋಟೋ ಸೇರಿಸಿ: ಬೇರೇನನ್ನೂ ಮುಟ್ಟದೆ ಆರನೇ ಚುಕ್ಕೆ ಬಂದು ಕೂರಬೇಕು.